ಬಾಂದುಗಲ್ಲಿನ ಆಚೆಯ ಬೆಳಗು

ಕತ್ತಲೆ ನಮ್ಮೂರಿನಲ್ಲಿ ಎಲ್ಲರಿಗೂ ಒಟ್ಟಿಗೇ ಆಗುತ್ತದೆ. ಅದಕ್ಕೆ ಬದು ಗೊತ್ತಿಲ್ಲ, ಬಡವ ಬಲ್ಲಿದ ಗೊತ್ತಿಲ್ಲ. ಬೆಳಗು ಮಾತ್ರ ಹೊಲ ನೋಡಿಕೊಂಡು ಬರುತ್ತದೆ. ನಾಲ್ಕು ಬಾಂದುಗಲ್ಲುಗಳ ನಡುವಿನ ನೆಲಕ್ಕೆ ಒಂದು ಬೆಳಗು. ಕಲ್ಲು ದಾಟಿದರೆ ಇನ್ನೊಬ್ಬರ ನೆಲ, ಇನ್ನೊಂದು ಬೆಳಗು. ಆಚೆಯವರು ಬಿಸಿಲಿಗೆ ಸಂಡಿಗೆ ಹಾಕುವಾಗ ಈಚೆಯವರ ನೆತ್ತಿಯ ಮೇಲೆ ಇನ್ನೂ ಚುಕ್ಕಿ ಇರುವುದುಂಟು. ಹೆಚ್ಚಿನ ಹೊಲಗಳಲ್ಲಿ ಇದು ಒಂದು ರೊಟ್ಟಿ ಬೇಯುವಷ್ಟು ಹೊತ್ತಿನ ಹೆಚ್ಚುಕಡಿಮೆ, ಅದಕ್ಕಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೆಣ್ಣು ಕೊಡುವಾಗ ಮಾತ್ರ ಕೇಳುತ್ತಾರೆ, ಅವರ ಬೆಳಗು ಹೆಂಗೈತಿ ಅಂತ. ನಮ್ಮಪ್ಪನೂ ಕೇಳಿದ್ದ. ಕುಸುಬಿ ಹೂವಿನ ಬಣ್ಣದ್ದು, ಹೊತ್ತಿಗೆ ಸರಿಯಾಗಿ ಬರುವಂಥದ್ದು ಎಂದು ನಾಲ್ಕು ಮಂದಿ ಹೇಳಿದ ಮೇಲೆಯೇ ನನ್ನನ್ನು ಈ ಮನೆಗೆ ಕೊಟ್ಟ. ಗಂಡನ ಹೆಸರು ಬಾಯಲ್ಲಿ ತರಬಾರದೆಂದು ಅತ್ತೆ ಕಲಿಸಿದ್ದಾರೆ. ಹೇಳದಿದ್ದರೆ ನಿಮಗೆ ಗೊತ್ತಾಗುವುದಾದರೂ ಹೇಗೆ? ದುಂಡಪ್ಪ. ನಾನು ನಿಂಬೆವ್ವ.

ಬಾಂದುಗಲ್ಲಿನ ಕಾಯಿದೆ ನಮ್ಮ ಚಾವಡಿಯ ಕಂಬದಲ್ಲಿ ಕೆತ್ತಿದೆ. ಓದು ಬಾರದವರಿಗೂ ಅದು ಬಾಯಿಪಾಠ. ಕಲ್ಲನ್ನು ಯಾರೂ ಕೀಳಬಾರದು, ಸರಿಸಬಾರದು. ಸರಿಸಿದವರು ಬದುಕಿರುವ ತನಕ ಯಾವ ಕಲ್ಲಿನ ಹತ್ತಿರವೂ ಸುಳಿಯಬಾರದು. ಒಂದು ದಿನ ಪೂರ್ತಿ ಬೆಳಗೇ ಬಾರದೆ ಹೋದರೆ ಆ ನೆಲದ ನಾಲ್ಕೂ ಕಲ್ಲುಗಳನ್ನು ಊರೇ ನಿಂತು ಕೀಳಬೇಕು, ಅದು ಆಮೇಲೆ ಯಾರ ನೆಲವೂ ಅಲ್ಲ. ಹಳ್ಳದ ದಂಡೆಗೆ ಅಂಥ ಹೊಲ ಒಂದಿದೆ. ಹಗಲಿನಲ್ಲಿ ಅದು ಊರಿಗೆ ಆತು ನಿಂತ ಕರಿಯ ಗೋಡೆಯಂತೆ ಕಾಣುತ್ತದೆ. ಅದರ ಒಡೆಯರು ಯಾರಿದ್ದರು, ಎಲ್ಲಿಗೆ ಹೋದರು ಎಂದು ಕೇಳಿದರೆ ಹಿರಿಯರು ಮಾತು ತಿರುಗಿಸುತ್ತಾರೆ. ಎತ್ತುಗಳು ಅದರ ಪಕ್ಕ ಹಾಯುವಾಗ ತಾವಾಗಿಯೇ ಹೆಜ್ಜೆ ನಿಧಾನ ಮಾಡುತ್ತವೆ.

ಇನ್ನು ನಮ್ಮ ಗಂಡಸರ ವಿಚಾರ. ನಸುಕಿನಲ್ಲಿ ಎದ್ದವರೇ ಮುಖ ತೊಳೆಯುವುದಕ್ಕೂ ಮೊದಲು ಕಲ್ಲಿನ ಹತ್ತಿರ ಹೋಗುತ್ತಾರೆ. ನಮ್ಮವರು ಈಚೆ, ಪಕ್ಕದ ಹೊಲದ ಅಡಿವೆಪ್ಪಣ್ಣ ಆಚೆ. ಯಾರ ಹೊಲಕ್ಕೆ ಮೊದಲು ಬೆಳಗಾಗುತ್ತದೋ ಅವರು ಕೇಳುವುದು, "ಬಂತೇನು?" ಇನ್ನೊಬ್ಬರು "ಇನ್ನೂ ಇಲ್ಲ" ಅನ್ನುವುದು. ಮತ್ತೆ ಕೇಳುವುದು, ಮತ್ತೆ ಇಲ್ಲ ಅನ್ನುವುದು, ಕೊನೆಗೆ "ಬಂತು" ಅನ್ನುವುದು. ಆಮೇಲೆ ಕಲ್ಲಿನ ಮೇಲೆ ಕೈ ಚಾಚಿ ತಂಬಾಕು ಸುಣ್ಣ ಹಂಚಿಕೊಳ್ಳುವುದು. ಕಣ್ಣಿದ್ದವರಿಗೆ ಬೆಳಗಾದದ್ದು ಕಾಣುವುದಿಲ್ಲವೇ? ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ತಂಬಾಕಿಗೆ ಒಂದು ನೆವ ಬೇಕು ಇವರಿಗೆ ಎಂದು ನಾನು ಒಲೆಯ ಮುಂದೆ ಕೂತು ನಗುತ್ತಿದ್ದೆ. "ಬಂತೇನ್ರೀ ನಿಮ್ ತಂಬಾಕು?" ಎಂದು ಕಾಡಿಸಿದರೆ ನಮ್ಮವರು ಮೀಸೆಯಲ್ಲೇ ನಕ್ಕು ಸುಮ್ಮನಾಗುತ್ತಿದ್ದರು. ನಾನಂತೂ ಆ ಕಡೆ ಹೋದವಳಲ್ಲ. ಹೋಗಬಾರದೆಂದು ಯಾರೂ ಹೇಳಿರಲಿಲ್ಲ. ಒಲೆ, ಹಿಂಡುವ ಎಮ್ಮೆ, ರೊಟ್ಟಿ ಬುತ್ತಿ, ಇವುಗಳ ನಡುವೆ ಹೆಂಗಸರಿಗೆ ಪುರಸೊತ್ತಾದರೂ ಎಲ್ಲಿರುತ್ತದೆ? ಊರಿನ ಯಾವ ಹೆಂಗಸೂ ಹೋಗುತ್ತಿರಲಿಲ್ಲ.

ಹೋದ ಸುಗ್ಗಿ ಮುಗಿದ ಮೇಲೆ ನಮ್ಮವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಕಣ್ಣಿನಲ್ಲಿ ಮಾತ್ರ ಎಲ್ಲವೂ ಇತ್ತು. ನಾಟಿ ಔಷಧಿ ಆಯಿತು, ಡಾಕ್ಟರರ ಸೂಜಿ ಆಯಿತು. ಜೀವ ಉಳಿಯಿತು, ಅದೇ ದೊಡ್ಡದು ಎಂದುಕೊಂಡೆ. ಬೆಳಗು ತಡವಾಗುತ್ತಿರುವುದು ಆ ಗದ್ದಲದಲ್ಲಿ ನನ್ನ ಗಮನಕ್ಕೆ ಬರಲೇ ಇಲ್ಲ. ಒಂದು ದಿನ ಒಲೆ ಆರಿಸಿ ಹೊರಗೆ ಬಂದರೆ ಅಡಿವೆಪ್ಪಣ್ಣನ ಹೊಲದಲ್ಲಿ ಮಂದಿ ಮಧ್ಯಾಹ್ನದ ಬುತ್ತಿ ಬಿಚ್ಚಿದ್ದರು, ನನ್ನ ಅಂಗಳದಲ್ಲಿ ಬೆಳ್ಳಿಚುಕ್ಕಿ ಇತ್ತು.

ಆಮೇಲೆ ಹೇಗೋ ಹೊಂದಿಸಿಕೊಂಡೆವು. ಮನುಷ್ಯರು ಯಾವುದಕ್ಕೆ ತಾನೆ ಒಗ್ಗುವುದಿಲ್ಲ? ನಮ್ಮ ಕೋಳಿಗಳು ತಾವೇ ಬದು ದಾಟಿ ಆಚೆಯ ಬಿಸಿಲಿಗೆ ಹೋಗಿ ಕಾಳು ಹೆಕ್ಕಿ ಬರುತ್ತಿದ್ದವು. ಹುಂಜ ಯಾವಾಗ ಕೂಗಬೇಕೆಂದು ತಿಳಿಯದೆ ಕೂಗುವುದನ್ನೇ ಬಿಟ್ಟಿತು. ಒಗೆದ ಬಟ್ಟೆಯನ್ನು ಅಡಿವೆಪ್ಪಣ್ಣನ ಬೇಲಿಗೆ ಹರವುತ್ತಿದ್ದೆ. ನಡು ಮಧ್ಯಾಹ್ನ ನಮ್ಮವರನ್ನು ನೋಡಲು ಬಂದವರು ಬದುವಿನ ಹತ್ತಿರ ನಿಂತು ಕಂದೀಲು ಹಚ್ಚಿಕೊಂಡು ಒಳಗೆ ಬರುತ್ತಿದ್ದರು, ಹೋಗುವಾಗ ಬದು ದಾಟಿ ಊದಿ ಆರಿಸುತ್ತಿದ್ದರು. ಆದರೆ ಹೊಲದ ಎಳ್ಳಿಗೆ ಹೀಗೆ ಹೊಂದಿಸಿಕೊಳ್ಳಲು ಬರುವುದಿಲ್ಲವಲ್ಲ. ಸಂಜೆಯ ಕತ್ತಲೆ ಊರಿಗೆಲ್ಲ ಒಂದೇ ಸಲ ಆಗುವುದರಿಂದ ನಮ್ಮ ಹಗಲು ದಿನದಿನಕ್ಕೆ ಗಿಡ್ಡವಾಗುತ್ತ ಹೋಯಿತು. ಸಸಿಗಳು ಬಿಳಿಚಿಕೊಂಡವು. ಕೊನೆಕೊನೆಗೆ ಬೆಳಗಾಗಿ ನಾನು ಒಂದು ಸಾಲು ಕಳೆ ತೆಗೆಯುವಷ್ಟರಲ್ಲಿ ಹೊತ್ತು ಮುಳುಗಿಯೇ ಹೋಗುತ್ತಿತ್ತು. ಕಂಬದ ಮೇಲಿನ ಮೂರನೆಯ ಮಾತನ್ನು ಈಗ ಊರಿನವರು ನನ್ನ ಮುಂದೆ ಆಡುತ್ತಿರಲಿಲ್ಲ. ಆಡದೆ ಇರುವುದೇ ಹೆಚ್ಚು ಕೇಳಿಸುತ್ತಿತ್ತು. ಒಂದು ದಿನ ಪೂರ್ತಿ ಬಾರದೆ ಹೋದರೆ ನೆಲ ಹೋಯಿತು, ಮನೆ ಹೋಯಿತು. ಮಾತಿಲ್ಲದ ಗಂಡನನ್ನು ಕಟ್ಟಿಕೊಂಡು ಯಾರ ಬೆಳಗಿನಲ್ಲಿ ಹೋಗಿ ನಿಲ್ಲಲಿ?

ಅಡಿವೆಪ್ಪಣ್ಣ ದಿನವೂ ಬರುತ್ತಿದ್ದ. ಮಲಗಿದ್ದವರ ಹೊರಸಿನ ಪಕ್ಕ ಕೂತು, ತಂಬಾಕು ತಿಕ್ಕಿ, ನಮ್ಮವರ ಎಡಗೈಯಲ್ಲಿ ಒಂದು ಚಿಟಿಕೆ ಇಟ್ಟು, ತಾನೇ ಇಬ್ಬರ ಪಾಲಿನ ಮಾತನ್ನೂ ಆಡುತ್ತಿದ್ದ. ಒಂದು ದಿನ ಎದ್ದು ಹೋಗುವಾಗ ಬಾಗಿಲಲ್ಲಿ ನಿಂತ.

"ತಂಗೆವ್ವ, ನನ್ ಹೊಲದಾಗ ಬೆಳಕು ರಗಡ ಐತಿ. ಇಬ್ಬರಿಗೆ ಸಾಲೂವಷ್ಟು ಐತಿ."

"ಐತಿ ಅಂತ ಪುಟ್ಟ್ಯಾಗ ತುಂಬಿ ಕೊಡಾಕ ಬರತೈತೇನಣ್ಣಾ?" ಎಂದೆ ನಾನು.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಮಾತು ಆಡಿ ಹೋದ ಎಂದು ನಾನೂ ಅದನ್ನು ಮರೆತೆ.

ಮರುದಿನ ಹೊತ್ತು ಇಳಿಯುವಾಗ ನಮ್ಮ ಬೆಳಗು ಬಂತು. ಒಳಗಿನಿಂದ ಓಡಿ ಹೊರಗೆ ಬಂದವಳು ಅಲ್ಲೇ ನಿಂತುಬಿಟ್ಟೆ. ನನ್ನ ಹೊಲದಲ್ಲಿ ಬೆಳಕು, ಅಡಿವೆಪ್ಪಣ್ಣನ ಹೊಲದಲ್ಲಿ ಬೆಳಕು, ಎರಡರ ನಡುವೆ ನೆಲದಿಂದ ಮುಗಿಲಿನ ತನಕ ಕತ್ತಲು ನಿಂತಿತ್ತು. ಊರ ಕಡೆಯ ತುದಿಯಲ್ಲಿ ಸೂಜಿಯಷ್ಟು ಚೂಪು, ಹಳ್ಳದ ಕಡೆಗೆ ಹೋದ ಹಾಗೆ ಅಗಲ. ಹಳ್ಳದ ಕಡೆಯ ಬಾಂದುಗಲ್ಲು ತನ್ನ ಜಾಗದಲ್ಲಿ ಇರಲಿಲ್ಲ. ಅದಿದ್ದಲ್ಲಿ ಹಸಿ ಮಣ್ಣಿನ ಗುಣಿ ಇತ್ತು. ಕಲ್ಲು ಅಡಿವೆಪ್ಪಣ್ಣನ ಜೋಳದ ನಡುವೆ, ಕತ್ತಲಿನ ಆಚೆಯ ಅಂಚಿಗೆ, ವಾಲಿಕೊಂಡು ನಿಂತಿತ್ತು.

ಕೈ ಚಾಚಿ ಆ ಕತ್ತಲನ್ನು ಮುಟ್ಟಿದೆ. ಬಾವಿಯ ನೀರಿಗೆ ಕೈ ಹಾಕಿದಷ್ಟು ತಣ್ಣಗಿತ್ತು. ಮಣಿಕಟ್ಟಿನ ತನಕ ನನ್ನ ಕೈ ನನಗೇ ಕಾಣಲಿಲ್ಲ. ಧೈರ್ಯ ಮಾಡಿ ಒಂದು ಹೆಜ್ಜೆ ಒಳಗಿಟ್ಟು ತಲೆಯೆತ್ತಿದರೆ ನೆತ್ತಿಯ ಮೇಲೆ ಚುಕ್ಕಿಗಳು, ಎಡಬಲಕ್ಕೆ ಹಗಲು. ಇಂಥದ್ದನ್ನು ನಮ್ಮ ಅಜ್ಜ ಮುತ್ತಜ್ಜರೂ ಕಂಡಿರಲಿಲ್ಲ. ಕಂಬದ ಮೇಲೆ ಕಾಯಿದೆ ಇತ್ತೇ ಹೊರತು, ಅದನ್ನು ಮೀರಿದವರು ನಮ್ಮ ನೆನಪಿನಲ್ಲಿ ಯಾರೂ ಇರಲಿಲ್ಲ. ಹೆದರಿಕೆಯಾಯಿತು ಎಂದರೆ ಅರ್ಧ ಹೇಳಿದಂತೆ. ಕೈ ಮುಗಿಯಬೇಕು ಅನ್ನಿಸಿತು, ಮುಗಿದೆ.

ಕತ್ತಲಾಗುವುದರೊಳಗೆ ಊರು ನೆರೆಯಿತು. ಗಂಡಸರು ಮೆಟ್ಟು ಕಳೆದಿಟ್ಟು ದೂರ ನಿಂತರು. ಚಾವಡಿಯ ಹಿರಿಯ ಶೇಖಯ್ಯಜ್ಜ, ಊರಿನ ಕಾಯಿದೆಗೆಲ್ಲ ಕೊನೆಯ ಮಾತು ಅವನದೇ, ಗುಣಿಯನ್ನೂ ಕಲ್ಲನ್ನೂ ನೋಡಿ ಕೋಲೂರಿ ನಿಂತುಕೊಂಡ.

"ಕಲ್ಲು ಅಡಿವೆಪ್ಪನ ಹೊಲದಾಗ ಹೊಕ್ಕೈತಿ. ಅಂದ್ರ ನೆಲ ಹೆಚ್ಚಾಗೂದು ಯಾರಿಗೆ?"

ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ಕದಿಯದೆ ಇದ್ದರೂ ನನ್ನ ಕೈ ಹೆಗಲಿಗೆ ಹೋಗಿ ಸೆರಗು ಸರಿಮಾಡಿತು. ಹಿಂದಿನಿಂದ ಯಾರೋ ಹೆಂಗಸು, "ತಮ್ಮ ಬೆಳಗು ಆರಿ ಹೋದೋರು ಮಂದಿ ಬೆಳಗಿಗೆ ಕೈ ಹಾಕ್ಯಾರ" ಎಂದಳು. ಗಾಯದ ಮೇಲೆ ಬರೆ ಎಳೆದಂತಾಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಡಿವೆಪ್ಪಣ್ಣ ಮುಂದೆ ಬಂದ. ಅವನ ಅಂಗೈ ಸುಲಿದಿತ್ತು, ಉಗುರಿನಲ್ಲಿ ಹಸಿ ಮಣ್ಣಿತ್ತು.

"ಆಕೀನ್ ಯಾಕ ನೋಡ್ತೀರಿ? ಕಿತ್ತಾಂವ ನಾನು."

"ನಿನ್ನ ನೆಲಾನ ನೀನ ಕದ್ದೇನೋ?" ಎಂದ ಶೇಖಯ್ಯಜ್ಜ.

"ಕದಿಯಾಕಲ್ಲಜ್ಜಾ, ಕೊಡಾಕ. ನನ್ನ ಕಡೀದು ಒಂದ್ ತುಂಡು ಅವರ ಕಡೆ ಹೋದ್ರ, ಅದರ ಜೋಡಿ ನನ್ನ ಬೆಳಗೂ ಹೋಗಿ ಅವರ ಹೊಲಾ ಹಿಡಿತೈತಿ ಅಂತ ತಿಳದೆ. ಹೆಪ್ಪು ಹಾಕಿದ್ರ ಹಾಲೆಲ್ಲಾ ಮೊಸರಾಗೂದಿಲ್ಲೇನು, ಹಂಗ. ಇನ್ನೊಂದು ಕಲ್ಲೂ ಸರಸಾಂವ ಇದ್ದೆ, ಅದು ಅಲಗಲಿಲ್ಲ." ಅವನು ಕತ್ತಲಿನ ಕಡೆ ನೋಡಿದ. "ಹಿಂಗಾಗತೈತಿ ಅಂತ ಗೊತ್ತಿರಲಿಲ್ಲ."

ನನಗೆ ಅಳು ಬಂತು. ಸಿಟ್ಟೂ ಬಂತು. ಹೆಪ್ಪು ಹಾಕುವನಂತೆ ಹೆಪ್ಪು! ನೆಲವನ್ನು ಯಾರಾದರೂ ಹೀಗೆ ಪ್ರೀತಿಸುತ್ತಾರೆಯೇ, ಗೆಳೆಯನನ್ನು ಯಾರಾದರೂ ಹೀಗೆ ಪ್ರೀತಿಸುತ್ತಾರೆಯೇ?

ಶೇಖಯ್ಯಜ್ಜ ಕೋಲಿನ ತುದಿಯಿಂದ ಗುಣಿಯ ಹಸಿ ಮಣ್ಣನ್ನು ಕೆದಕಿದ. ಕೊನೆಗೆ, "ಕೊಟ್ಟದ್ದು ತಗೊಂಡದ್ದು ಕಲ್ಲಿಗೆ ಗೊತ್ತಾಗಂಗಿಲ್ಲಪಾ," ಎಂದ. "ಕಾಯಿದೆಯಾಗ ಸರಸಿದಾಂವ ಅಂತ ಐತಿ, ಯಾಕ ಸರಸಿದ ಅಂತ ಇಲ್ಲ. ನಾಳೆ ಎರಡೂ ಕಡೆ ಬೆಳಕು ನಿಂತಾಗ ಇಬ್ಬರೂ ಕೂಡಿ ಕಲ್ಲು ತಿರಗಿ ಇಡ್ರಿ. ಆಮ್ಯಾಲ ನೀ ಯಾವ ಕಲ್ಲಿನ ಹತ್ರಾನೂ ಬರೂ ಹಂಗಿಲ್ಲ, ಅಡಿವೆಪ್ಪ." ಆಮೇಲೆ ನನ್ನ ಕಡೆ ನೋಡದೆಯೇ ಸೇರಿಸಿದ, "ನಾಳೆ ಹೊತ್ತು ಮುಳುಗೂದ್ರಾಗ ನಿಮ್ಮ ಬೆಳಗು ಬರಲಿಲ್ಲಂದ್ರ, ಉಳದ ಕಲ್ಲೂ ಕೀಳಬೇಕಾಗತೈತಿ ನಿಂಬೆವ್ವ. ನನ್ನ ಕೈಯಾಗೇನಿಲ್ಲ."

ಕಲ್ಲಿನ ಹತ್ತಿರ ನೆಲದವರು ನಿಲ್ಲಬೇಕು, ಆಳು ನಿಂತರೆ ನಡೆಯುವುದಿಲ್ಲ. ಮರುದಿನ ನಮ್ಮವರನ್ನು ಚಕ್ಕಡಿಯಲ್ಲಿ ದಿಂಬು ಕೊಟ್ಟು ಕೂರಿಸಿ, ನೊಗಕ್ಕೆ ಕಂದೀಲು ಕಟ್ಟಿ, ನಾನೇ ಎತ್ತು ಹೊಡೆದುಕೊಂಡು ಹೋದೆ. ಮದುವೆಯಾಗಿ ಬಂದ ಮೇಲೆ ಬೆಳಗು ಬರುವ ಮೊದಲು ಆ ಕಲ್ಲಿನ ಕಡೆ ನಾನು ಹೆಜ್ಜೆ ಇಟ್ಟದ್ದು ಅದೇ ಮೊದಲು. ನಮ್ಮ ಹೊಲದಲ್ಲಿ ಕತ್ತಲು, ಕತ್ತಲಿನ ಬೆಣೆಯಲ್ಲಿ ಅದಕ್ಕೂ ಗಟ್ಟಿಯಾದ ಕತ್ತಲು, ಅದರ ಆಚೆ ಹಗಲು. ಆಚೆಯ ಹಗಲಿನಲ್ಲಿ ಊರಿಗೆ ಊರೇ ನಿಂತಿತ್ತು. ನಾವು ಅವರಿಗೆ ಕಾಣುತ್ತಿರಲಿಲ್ಲ, ಕಂದೀಲಿನ ಕುಡಿ ಕಂಡಿದ್ದರೆ ಹೆಚ್ಚು. ಅವರು ಮಾತ್ರ ನನಗೆ ಸ್ಪಷ್ಟವಾಗಿ ಕಾಣುತ್ತಿದ್ದರು. ಕೆಲವರ ಕೈಯಲ್ಲಿ ಹಾರೆಗಳಿದ್ದವು.

ಅಡಿವೆಪ್ಪಣ್ಣ ವಾಲಿದ ಕಲ್ಲಿನ ಪಕ್ಕ ನಿಂತಿದ್ದ. ಅವನ ನೆತ್ತಿಯ ಮೇಲೆ ಬಂದ ಹೊತ್ತು ನಿಧಾನವಾಗಿ ಪಡುವಣಕ್ಕೆ ವಾಲತೊಡಗಿತು. ನಮ್ಮ ಕಡೆ ಏನೂ ಇಲ್ಲ. ಮಂದಿ ಕೂತರು, ಎದ್ದರು, ಬುತ್ತಿ ಉಂಡರು. ಅವನ ಹೊಲದ ನೆರಳುಗಳು ಉದ್ದವಾದವು. ಯಾರೋ ಹಾರೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ್ದು ಕಂಡಿತು. ನಮ್ಮವರ ಎಡಗೈ ಹಿಡಿದುಕೊಂಡೆ. ಆ ಕೈ ನನ್ನ ಕೈಯನ್ನು ಬಿಡಿಸಿಕೊಂಡು ಆಚೆ ಕಡೆ ತೋರಿಸಿತು. ಏನು ಎಂದು ನನಗೆ ತಿಳಿಯಲಿಲ್ಲ. ಮತ್ತೆ ತೋರಿಸಿತು.

ಆಗಲೇ ಕತ್ತಲಿನ ಬೆಣೆಯ ಆಚೆಯಿಂದ ಅಡಿವೆಪ್ಪಣ್ಣನ ದನಿ ಬಂತು. ಬೇಕೆಂದು ಕೇಳಿದ್ದಲ್ಲ ಅದು. ಕಾದು ಕಾದು ಸೋತವನ ಬಾಯಿಂದ ರೂಢಿಯ ಮಾತು ತಾನಾಗಿ ಜಾರಿತ್ತು.

"ಬಂತೇನು?"

ನಮ್ಮವರ ತುಟಿ ಅಲುಗಿತು. ಮಾತು ಹೊರಡಲಿಲ್ಲ. ಅವರ ಕಣ್ಣು ನನ್ನ ಮೇಲೆ ಬಿತ್ತು, ಆ ಕಣ್ಣಿನಲ್ಲಿದ್ದ ಅವಸರವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಷ್ಟೊಂದು ಜನರ ಮುಂದೆ ಗಂಟಲೆತ್ತುವುದು ಹೇಗೆಂದು ನಾಚಿಕೆಯಾಯಿತು. ಆದರೂ ಅಂದೆ.

"ಇನ್ನೂ ಇಲ್ಲಣ್ಣಾ."

ಹೆಂಗಸಿನ ದನಿ ಕೇಳಿ ಅವನಿಗೂ ಬೆರಗಾಗಿರಬೇಕು. ಮತ್ತೆ ಕೇಳಿದ, ಈ ಸಲ ಬೇಕೆಂದೇ.

"ಬಂತೇನವ್ವಾ?"

"ಇಲ್ಲ. ಇನ್ನೂ ಇಲ್ಲ."

"ಈಗ?"

ಇಲ್ಲ ಅನ್ನಲು ಬಾಯಿ ತೆರೆದೆ. ಕಾಲಿನ ಕೆಳಗೆ ನೆಲ ಬೆಚ್ಚಗಾಯಿತು. ಮುಗಿಲಿನಿಂದ ಅಲ್ಲ, ಬೆಳಗು ನೆಲದಿಂದ ಬರುತ್ತದೆ! ಇದನ್ನು ನನಗೆ ಯಾರೂ ಹೇಳಿರಲೇ ಇಲ್ಲ. ಮೊದಲು ಮಣ್ಣಿನ ವಾಸನೆ ಎದ್ದಿತು, ಆಮೇಲೆ ಹೆಂಟೆ ಹೆಂಟೆಗೂ ಅಂಚು ಮೂಡಿತು, ಬಿಳಿಚಿದ ಎಳ್ಳಿನ ಸಸಿಗಳ ಕಾಂಡದಲ್ಲಿ ಕೆಳಗಿನಿಂದ ಮೇಲಕ್ಕೆ ಬಣ್ಣ ಹತ್ತುತ್ತ ಹೋಯಿತು. ಕುಸುಬಿ ಹೂವಿನ ಬಣ್ಣ. ಅದು ಎತ್ತುಗಳ ಗೊರಸು ಮುಟ್ಟಿತು, ಚಕ್ಕಡಿಯ ಗಾಲಿ ಏರಿತು, ನಮ್ಮವರ ಸತ್ತ ಬಲಗಾಲಿನ ಮೇಲೆ ಹಾದು ಮುಖಕ್ಕೆ ಬಂತು. ಇಷ್ಟು ವರ್ಷ ಈ ಮನೆಯಲ್ಲಿ ಬಾಳಿದವಳು ನಾನು, ಬಂದ ಬೆಳಗನ್ನು ಕಂಡಿದ್ದೆನೇ ಹೊರತು ಬರುವ ಬೆಳಗನ್ನು ಒಂದು ದಿನವೂ ಕಂಡಿರಲಿಲ್ಲ. ಒಲೆಯ ಹೊಗೆಯಲ್ಲಿ ಕೂತು ನಕ್ಕಿದ್ದೆ. ನನ್ನ ಗಂಡ ದಿನವೂ ಇದನ್ನು ನೋಡಿ ಮನೆಗೆ ಬಂದು ಏನೂ ಆಗದವರಂತೆ ರೊಟ್ಟಿಗೆ ಕೂರುತ್ತಿದ್ದರು. ಮೀಸೆಯಲ್ಲಿ ನಗದೆ ಇನ್ನೇನು ಮಾಡಿಯಾರು?

"ಬಂತು!" ಎಂದೆ. ಕೂಗಿದೆ. "ಬಂತಣ್ಣಾ, ಬಂತು!"

ಆಚೆ ಹಾರೆಗಳು ಕೆಳಗೆ ಬಿದ್ದ ಸದ್ದು ಕೇಳಿಸಿತು. ಮುದುಕರು ಹೆಂಗಸರು ಎನ್ನದೆ ಎಲ್ಲರೂ ಕೈ ಮುಗಿದಿದ್ದರು. ಹೊತ್ತು ಮುಳುಗಲು ಆಗ ಇನ್ನು ಸ್ವಲ್ಪವೇ ಉಳಿದಿತ್ತು.

ಎರಡು ಹಗಲಿನ ನಡುವೆ ಕತ್ತಲಿನ ಬೆಣೆ ಈಗ ಅಂಚಂಚಿಗೂ ಸ್ಪಷ್ಟವಾಗಿ ಕಂಡಿತು. ನಾನು ಕಚ್ಚೆ ಕಟ್ಟಿ ಅದರೊಳಗೆ ಇಳಿದೆ. ಆಚೆಯಿಂದ ಅಡಿವೆಪ್ಪಣ್ಣ ಕಲ್ಲು ಉರುಳಿಸಿಕೊಂಡು ಇಳಿದ. ನಡುವೆ, ಚುಕ್ಕಿಗಳ ಕೆಳಗೆ, ಒಬ್ಬರ ಮುಖ ಒಬ್ಬರಿಗೆ ಕಾಣದೆ ಇಬ್ಬರೂ ಕಲ್ಲಿಗೆ ಕೈ ಹಚ್ಚಿದೆವು. ಅವನು ಉಸಿರು ಬಿಗಿಹಿಡಿದು ಅಳುತ್ತಿದ್ದ. ನಾನು ಕೇಳಿಯೂ ಕೇಳದಂತೆ ಇದ್ದೆ. ಗುಣಿಗೆ ಇಳಿಸಿ ಮಣ್ಣು ತುಳಿದ ಕೂಡಲೇ ಕತ್ತಲು ಒಲೆ ಊದಿದಾಗ ಬೂದಿ ಹಾರುವಂತೆ ಹಾರಿಹೋಯಿತು. ಅವನ ಜೋಳದ ಸಾಲುಗಳು ಮತ್ತೆ ಬಿಸಿಲಿನಲ್ಲಿ ನಿಂತವು.

ಅಡಿವೆಪ್ಪಣ್ಣ ಕಲ್ಲಿನ ತಲೆಯ ಮೇಲೆ ಒಮ್ಮೆ ಅಂಗೈ ಆಡಿಸಿದ. ತಂಬಾಕಿನ ಚೀಲ ತೆಗೆದು ಅದರ ಮೇಲಿಟ್ಟ. "ದುಂಡಪ್ಪಗ ಕೊಡವ್ವ," ಎಂದ. ಚಕ್ಕಡಿಯ ಕಡೆ ನೋಡಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಅಷ್ಟೇ. ಆಮೇಲೆ ತಿರುಗಿ, ತನ್ನ ಹೊಲದ ನಟ್ಟನಡುವಿನ ಬನ್ನಿಮರದ ತನಕ ನಡೆದು ನಿಂತ. ನಾಲ್ಕೂ ಕಲ್ಲುಗಳಿಂದ ಎಲ್ಲಕ್ಕಿಂತ ದೂರದ ಜಾಗ ಅದೇ. ಇನ್ನು ಸಾಯುವ ತನಕ ಬೆಳಗಿನ ಹೊತ್ತು ಅವನ ಜಾಗ ಅದೇ. ಕಾಯಿದೆ ಕಾಯಿದೆಯೇ. ಮುರಿದಿದ್ದರೆ ಚೆನ್ನಾಗಿತ್ತು ಅನ್ನಿಸಿದರೂ ಆ ಕತ್ತಲನ್ನು ಕೈಯಾರೆ ಮುಟ್ಟಿದವಳು ನಾನು, ಮುರಿಯಿರಿ ಅನ್ನಲು ನನಗೆ ಬಾಯಿ ಬರಲಿಲ್ಲ.

ಆ ರಾತ್ರಿ ನನಗೆ ಒಂದೇ ಯೋಚನೆ. ನಾಳೆ ಆಚೆ ನಿಲ್ಲುವವರು ಯಾರು? ಅವನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಹಿಂದೆ ಒಬ್ಬರು ಕೇಳುತ್ತಿದ್ದರು, ಇನ್ನೊಬ್ಬರು ಹೇಳುತ್ತಿದ್ದರು. ಕೇಳಿದ್ದಕ್ಕೆ ಬೆಳಗು ಬರುತ್ತದೋ, ಬರುವುದನ್ನು ಇಬ್ಬರು ಕೂಡಿ ಕಾಯುತ್ತಾರೆ ಅಷ್ಟೆಯೋ, ಅದನ್ನು ಬಲ್ಲವರು ಊರಿನಲ್ಲಿ ಒಬ್ಬರೂ ಇಲ್ಲ. ಶೇಖಯ್ಯಜ್ಜನನ್ನು ಕೇಳಿದರೆ ಅವನೂ ಕಂಬದ ಕಡೆ ನೋಡುತ್ತಾನೆ, ಕಂಬದಲ್ಲಿ ಅದರ ಮಾತಿಲ್ಲ.

ನಸುಕಿಗೆ ಒಲೆ ಹಚ್ಚದೆ ಚಕ್ಕಡಿ ಹೂಡಿದೆ. ನಮ್ಮವರನ್ನು ಕಲ್ಲಿನ ಪಕ್ಕಕ್ಕೆ ತಂದು ನಿಲ್ಲಿಸಿದೆ. ಆಚೆ ಯಾರೂ ಇರಲಿಲ್ಲ. ನಾವು ಹೋಗಿ ನಿಂತ ಸ್ವಲ್ಪ ಹೊತ್ತಿಗೇ ಕಾಲಿನ ಕೆಳಗೆ ನೆಲ ಬೆಚ್ಚಗಾಯಿತು, ಕುಸುಬಿ ಬಣ್ಣ ಎಳ್ಳಿನ ಮೇಲೆ ಹತ್ತಿತು. ನಮ್ಮ ಬೆಳಗು ಮೊದಲು ಬಂದಿತ್ತು! ಮನೆಯ ಕಡೆ ಹುಂಜ ಮರೆತಿದ್ದನ್ನು ನೆನಪಿಸಿಕೊಂಡು ಕೂಗಿತು. ಕಲ್ಲಿನ ಆಚೆ ಅಡಿವೆಪ್ಪಣ್ಣನ ಹೊಲ ಮಾತ್ರ ಕಪ್ಪಗೆ ಮಲಗಿತ್ತು. ಆ ಕತ್ತಲಿನ ನಟ್ಟನಡುವೆ ಎಲ್ಲೋ ಬನ್ನಿಮರ, ಮರದ ಕೆಳಗೆ ಒಬ್ಬನೇ ಮನುಷ್ಯ.

ನಮ್ಮವರು ಎಡಗೈ ಎತ್ತಿ ತೋರಿಸಿದರು. ಈ ಸಲ ನನಗೆ ತಿಳಿಯಿತು.

ಕಲ್ಲಿನ ಹತ್ತಿರ ನಿಂತು ಮೆಲ್ಲಗೆ ಕೇಳುವ ಮಾತು ಅದು, ಅಷ್ಟು ದೂರಕ್ಕೆ ಮುಟ್ಟುವುದಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಅಂಗೈ ಬಾಯಿಗೆ ಹಿಡಿದು, ಊರೆಲ್ಲ ಏಳುವ ಹಾಗೆ ಕೂಗಿದೆ.

"ಅಡಿವೆಪ್ಪಣ್ಣಾ! ಬಂತೇನೋ?"

ಬಹಳ ಹೊತ್ತಾದ ಮೇಲೆ, ದೂರದಿಂದ, ಅವನ ದನಿ ನಡೆದು ಬಂತು.

"ಇನ್ನೂ ಇಲ್ಲ ತಂಗೆವ್ವಾ! ಕೇಳಕೋಂತ ಇರು!"

ನಮ್ಮವರ ಮೀಸೆ ಒಂದು ಬದಿಗೆ ಅಲುಗಿತು. ನಾನು ಮತ್ತೆ ಉಸಿರು ತುಂಬಿಕೊಂಡೆ.